ಗಾಡಿ ಮುಂದ್ಗಡೆ ಟಕ್ ಟಕ್ ಅಂತಿದ್ರೆ ಪಾರ್ಟ್ ಬದ್ಲಾಯ್ಸೋಕ್ ಮುಂಚೆ ಏನೇನ್ ನೋಡ್ಬೇಕು

ಸಸ್ಪೆನ್ಷನ್ ಸೌಂಡ್ ಅಂತ ಗ್ಯಾರೇಜಿಗೆ ಹೋದ್ರೆ ನಮ್ಮ ತುಮಕೂರು ಕಡೆ ಬಹಳ ಸಲ ಮೊದಲು ಕೇಳೋ ಮಾತು "ಸಾರ್ ಎಲ್ಲಾ ಹೋಗೈತೆ, ಫುಲ್ ಕಿಟ್ ಹಾಕ್ಬುಡಣ" ಅಂತ. ಫುಲ್ ಕಿಟ್ ಅಂದ್ರೆ ಎರಡು ಶಾಕಪ್, ಲೋಯರ್ ಆರ್ಮ್ (ಚಕ್ರಾನ ಕೆಳಗಡೆಯಿಂದ ಗಾಡಿಗೆ ಹಿಡಿದಿಡೋ ತೋಳು), ಲಿಂಕ್ ರಾಡ್ (ಗಾಡಿ ವಾಲದಂಗೆ ತಡೆಯೋ ಬಾರಿಗೆ ಸೇರೋ ಸಣ್ಣ ರಾಡು), ಬುಷ್ಷು (ಜಾಯಿಂಟಲ್ಲಿ ಕೂರೋ ರಬ್ಬರ್), ಟೈ ರಾಡ್ ಎಂಡು (ಸ್ಟೀರಿಂಗ್ ರಾಡು ಚಕ್ರಕ್ಕೆ ಸೇರೋ ಜಾಯಿಂಟು) ಎಲ್ಲಾ ಸೇರಿ. ಅಷ್ಟೆಲ್ಲಾ ಹಾಕಿದ್ಮೇಲೆ ಸೌಂಡ್ ಹೋಗ್ಬೋದು, ಹೋಗ್ದೇನೂ ಇರ್ಬೋದು, ದುಡ್ಡಂತೂ ಹೋಗತ್ತೆ, ನಿಜವಾಗ್ಲೂ ಕೆಟ್ಟಿದ್ದು ಯಾವುದು ಅಂತ ನಿಮಗೂ ಗೊತ್ತಾಗಲ್ಲ ಅವರಿಗೂ ಗೊತ್ತಾಗಲ್ಲ. ಕೆಲವು ನೂರು ರೂಪಾಯಿಯ ಒಂದು ಲಿಂಕ್ ರಾಡ್ ಅಷ್ಟೊಂದು ಸದ್ದು ಮಾಡತ್ತೆ ಅಂದ್ರೆ ಇಡೀ ಗಾಡಿನೇ ಕಳಚಿ ಬೀಳ್ತಿದೆಯೇನೋ ಅನ್ಸತ್ತೆ. ಅದಕ್ಕೆ ನಾನು ಹೇಳೋದು ಇಷ್ಟೇ, ಪ್ಲೇ (ಜಾಯಿಂಟಲ್ಲಿ ಬಂದಿರೋ ಸಡಿಲ) ಎಲ್ಲಿದೆ ಅಂತ ಕೈಯಲ್ಲಿ ಮುಟ್ಟಿ ನೋಡೋವರೆಗೂ ಒಂದು ನಟ್ಟೂ ಬಿಚ್ಚಿಸ್ಬೇಡಿ. ಇದಕ್ಕೆ ದೊಡ್ಡ ಟೂಲ್ಸ್ ಏನೂ ಬೇಡ, ಜಾಕಿ, ಒಳ್ಳೆ ಸ್ಟ್ಯಾಂಡು, ಟಾರ್ಚು, ಜೊತೆಗೊಬ್ಬರು ಇದ್ರೆ ಸಾಕು.

ಇಲ್ಲಿ ಹೇಳ್ತಿರೋದು ಹೆಚ್ಚಾಗಿ ಸ್ವಿಫ್ಟ್, ವ್ಯಾಗನ್ ಆರ್, ಐ10, ಐ20 ತರದ ಗಾಡಿಗಳ ಲೆಕ್ಕದಲ್ಲಿ, ಇವುಗಳಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರತ್ತೆ, ಅಂದ್ರೆ ಸ್ಪ್ರಿಂಗು ಶಾಕಪ್ಪು ಒಟ್ಟಿಗೆ ನಿಂತಿರತ್ತೆ, ಕೆಳಗೆ ಒಂದೇ ಲೋಯರ್ ಆರ್ಮು, ಅದರ ತುದೀಲಿ ಬಾಲ್ ಜಾಯಿಂಟು, ಅಂದ್ರೆ ಚಕ್ರ ತಿರುಗೋಕೂ ಮೇಲೆ ಕೆಳಗೆ ಆಡೋಕೂ ಬಿಡೋ ಗುಂಡು ಜಾಯಿಂಟು. ಬೊಲೆರೋ, ಇನ್ನೋವಾದವರಿಗೆ ಕೊನೇಲಿ ಸ್ವಲ್ಪ ಹೇಳ್ತೀನಿ.

ಮೊದಲು ಸೌಂಡ್ ಯಾವಾಗ ಬರತ್ತೆ ಅಂತ ಹಿಡೀರಿ

ಕಿವಿಗೆ ಕೇಳಿದ್ದನ್ನ ಮೆಕ್ಯಾನಿಕ್ಕಿಗೆ "ಏನೋ ಸೌಂಡ್ ಬರ್ತಿದೆ ಅಣ್ಣ" ಅಂತ ಹೇಳಿದ್ರೆ ಉಪಯೋಗ ಇಲ್ಲ. ನಮ್ಮೂರಲ್ಲಿ ಮೂರು ತರದ ರೋಡು ಹತ್ತಿರತ್ತಿರಾನೇ ಸಿಗತ್ತೆ, ಮೂರರಲ್ಲೂ ಒಂದೊಂದು ಸುತ್ತು ಹೋಗ್ಬನ್ನಿ. ಒಂದು, ಬಡಾವಣೆ ಒಳಗಿನ ಕ್ರಾಸ್ ರೋಡು, ಯುಜಿಡಿಗೆ (ಒಳಚರಂಡಿಗೆ) ಅಗೆದು ಮುಚ್ಚಿರತ್ತಲ್ಲ ಆ ತರದ್ದು, ಅಲ್ಲಿ 15-20ರ ಸ್ಪೀಡಲ್ಲಿ ಕಿಟಕಿ ಇಳಿಸ್ಕೊಂಡು ಎಫ್‌ಎಂ ಆಫ್ ಮಾಡ್ಕೊಂಡು ಹೋಗಿ. ಸಣ್ಣ ಸಣ್ಣ ತಗ್ಗಿಗೆ, ಅದ್ರಲ್ಲೂ ಒಂದೇ ಕಡೆ ಚಕ್ರ ಇಳಿದಾಗ, ಕಟ ಕಟ ಅಂತ ಸಡಿಲ ಸೌಂಡ್ ಬಂದ್ರೆ ಲಿಂಕ್ ರಾಡ್ ಮೇಲೆ ಅಥ್ವಾ ಸ್ಟೆಬಿಲೈಸರ್ ಬಾರ್ (ತಿರುವಲ್ಲಿ ಗಾಡಿ ವಾಲೋದನ್ನ ತಡೆಯೋ ಅಡ್ಡ ರಾಡು) ಬುಷ್ ಮೇಲೆ ಮೊದಲ ಅನುಮಾನ. ಹಂಪ್ ಇಳಿಯುವಾಗ, ಬ್ರೇಕ್ ಹಾಕ್ದಾಗ, ರಿವರ್ಸಿಂದ ಫಸ್ಟಿಗೆ ಹಾಕಿ ಎಳೆದಾಗ ದಡ್ ಅಂತ ಒಂದೇ ಏಟು ಬಿದ್ರೆ ಅದು ಲೋಯರ್ ಆರ್ಮ್ ಬುಷ್ ಕಡೆ ತೋರ್ಸತ್ತೆ. ದೊಡ್ಡ ಗುಂಡಿಗೆ ಡಬ್ ಅಂತ ಕಬ್ಬಿಣ ಕಬ್ಬಿಣಕ್ಕೆ ತಾಗಿದಂಗೆ ಬಂದ್ರೆ ಶಾಕಪ್ ಸತ್ತು ಬಂಪ್ ಸ್ಟಾಪ್ (ಕೊನೇ ಏಟು ತಡೆಯೋ ರಬ್ಬರ್) ವರೆಗೂ ಕೂರ್ತಿದೆ ಅಥ್ವಾ ಸ್ಟ್ರಟ್ ಮೌಂಟಿನ (ಸ್ಟ್ರಟ್ ಮೇಲ್ತುದಿ ಬಾಡಿಗೆ ಕೂರೋ ಭಾಗ) ರಬ್ಬರ್ ಹರಿದಿದೆ.

ಎರಡನೇದು ಹೈವೇ, ಕ್ಯಾತ್ಸಂದ್ರ ದಾಟಿ ದಾಬಸ್‌ಪೇಟೆ ಕಡೆ. 80ರಿಂದ 100ರೊಳಗೆ ಸ್ಟೀರಿಂಗ್ ನಡುಗಿ ಮತ್ತೆ ಸ್ಪೀಡ್ ಕಮ್ಮಿ ಮಾಡಿದ್ರೆ ನಿಂತೋದ್ರೆ ಮುಂದಿನ ಚಕ್ರದ ಬ್ಯಾಲೆನ್ಸಿಂಗು, ಸ್ಟೀರಿಂಗ್ ಸುಮ್ನಿದ್ದು ಸೀಟು ನೆಲ ನಡುಗಿದ್ರೆ ಹಿಂದಿನ ಚಕ್ರದ್ದು. ಬ್ರೇಕ್ ಹಾಕ್ದಾಗ ಮಾತ್ರ ನಡುಗಿದ್ರೆ ಅದು ಹೆಚ್ಚಾಗಿ ಸಸ್ಪೆನ್ಷನ್ ಅಲ್ಲ, ಮೊದಲು ಡಿಸ್ಕ್ ನೋಡ್ಸಿ. ಊಂ ಅಂತ ಒಂದೇ ಸಮ ಗುಂಯ್ಗುಡೋ ಸೌಂಡ್ ಸ್ಪೀಡ್ ಜೊತೆ ಏರ್ತಾ ಹೋದ್ರೆ ಬೇರಿಂಗು, ಖಾಲಿ ರೋಡಲ್ಲಿ ಸ್ವಲ್ಪ ಬಲಕ್ಕೆ ವಾಲಿಸಿದಾಗ ಜಾಸ್ತಿ ಆದ್ರೆ ಎಡಗಡೆ ಬೇರಿಂಗು, ಎಡಕ್ಕೆ ವಾಲಿಸಿದಾಗ ಜಾಸ್ತಿ ಆದ್ರೆ ಬಲಗಡೇದು, ಯಾಕಂದ್ರೆ ತಿರುಗೋ ದಿಕ್ಕಿನ ಆಚೆ ಕಡೆ ಚಕ್ರದ ಮೇಲೆ ಭಾರ ಬೀಳೋದು. ಹೈವೇಯಿಂದ ವಾಪಸ್ ಬರ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಸಿದ್ರೆ ಇಳಿದ ತಕ್ಷಣ ನಾಲ್ಕೂ ಚಕ್ರದ ಹತ್ರ ಕೈ ತಗೊಂಡ್ಹೋಗಿ ನೋಡಿ, ರಿಮ್ಮಿಗೆ ಪೂರ್ತಿ ಅಂಗೈ ಇಡ್ಬೇಡಿ ಸುಡತ್ತೆ, ಒಂದು ಮಾತ್ರ ಉಳಿದಿದ್ದಕ್ಕಿಂತ ಜಾಸ್ತಿ ಕಾದಿದ್ರೆ ಆ ಕಡೆ ಬ್ರೇಕ್ ಹಿಡ್ಕೊಂಡಿದೆ, ಗಾಡಿ ಒಂದು ಕಡೆ ಎಳೀತಿದ್ದಿದ್ದು ಅಲೈನ್‌ಮೆಂಟಿಂದಲ್ಲ, ಕ್ಯಾಲಿಪರ್ (ಡಿಸ್ಕನ್ನ ಅಮುಕೋ ಬ್ರೇಕ್ ಭಾಗ) ಜಾಮಾಗಿರೋದ್ರಿಂದ.

ಮೂರನೇದು ದೇವರಾಯನದುರ್ಗ ಬೆಟ್ಟದ ತಿರುವು. ನಿಧಾನಕ್ಕೆ ಹತ್ತೋವಾಗ ಫುಲ್ ತಿರುಗಿಸಿ ಆಕ್ಸಿಲರೇಟರ್ ಕೊಟ್ರೆ ಕಟ ಕಟ ಕಟ ಅಂತ ಚಕ್ರ ಸುತ್ತೋ ಲಯದಲ್ಲೇ ಬರತ್ತೆ ಅಂದ್ರೆ ಅದು ಆಕ್ಸಲ್ಲಿನ ಹೊರಗಡೆ ಸಿವಿ ಜಾಯಿಂಟು, ಅಂದ್ರೆ ಚಕ್ರ ತಿರುಗಿಸಿದಾಗಲೂ ಎಂಜಿನ್ ಶಕ್ತಿ ಚಕ್ರಕ್ಕೆ ತಲುಪಿಸೋ ಜಾಯಿಂಟು. ಇದನ್ನ ಸಸ್ಪೆನ್ಷನ್ ಅಂದ್ಕೊಂಡು ಲೋಯರ್ ಆರ್ಮ್ ಬದಲಾಯಿಸಿರೋ ಗಾಡಿಗಳು ಎಷ್ಟೋ ಇದಾವೆ. ತಿರುವಲ್ಲಿ ಸ್ಟೀರಿಂಗ್ ಬಿಟ್ಟಾಗ ತಾನಾಗೇ ವಾಪಸ್ ಬರ್ಬೇಕು, ಬರ್ದೇ ಅಲ್ಲೇ ನಿಂತ್ರೆ ಸ್ಟ್ರಟ್ ಮೇಲಿನ ಬೇರಿಂಗು ಬಿಗಿಯಾಗಿದೆ, ಇಲ್ಲ ಬಾಲ್ ಜಾಯಿಂಟ್ ಒಣಗಿದೆ, ಇಲ್ಲ ಸ್ಟೀರಿಂಗ್ ಕಾಲಮ್ಮಿನ ಕೆಳಗಿನ ಜಾಯಿಂಟ್ ತುಕ್ಕು ಹಿಡಿದಿದೆ.

ಟೈರ್ ಓದೋದು ಕಲೀರಿ

ಗಾಡಿ ಅಡಿಗೆ ತಲೆ ಹಾಕೋಕ್ ಮುಂಚೆ ಬೆಳಗ್ಗೆ ಟೈರ್ ತಣ್ಣಗಿದ್ದಾಗ ಗಾಳಿ ನೋಡಿ. ಡ್ರೈವರ್ ಡೋರ್ ತೆಗೆದ್ರೆ ಪಿಲ್ಲರ್ ಮೇಲೆ ಸ್ಟಿಕ್ಕರ್ ಇರತ್ತೆ, ಸಣ್ಣ ಗಾಡಿಗಳಿಗೆ ಸಾಮಾನ್ಯವಾಗಿ 30ರಿಂದ 33 ಪಿಎಸ್‌ಐ, ಆದ್ರೂ ನಿಮ್ಮ ಗಾಡಿ ಸ್ಟಿಕ್ಕರ್ ಏನ್ ಹೇಳತ್ತೋ ಅದೇ ಹಾಕಿ. ಪಂಚರ್ ಅಂಗಡೀಲಿ ಕಣ್ಣಂದಾಜಲ್ಲಿ 40 ಹೊಡೆದು ಬಿಟ್ಟಿದ್ರೆ ಪ್ರತಿ ಗುಂಡಿನೂ ನೇರ ಸೊಂಟಕ್ಕೆ ಬರತ್ತೆ, ಸಸ್ಪೆನ್ಷನ್ ಹೋಯ್ತು ಅನ್ನೋ ತರ ಆಗತ್ತೆ. ಕಮ್ಮಿ ಇದ್ರೆ ಸ್ಟೀರಿಂಗ್ ಗಟ್ಟಿ.

ಆಮೇಲೆ ಸವೆತ. ಎರಡೂ ಅಂಚು ಸವೆದಿದ್ರೆ ಬಹಳ ದಿನ ಗಾಳಿ ಕಮ್ಮೀಲಿ ಓಡಿದೆ, ಮಧ್ಯ ಸವೆದಿದ್ರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ರೆ ಟೋ (ಮೇಲಿಂದ ನೋಡಿದ್ರೆ ಚಕ್ರ ಒಳಗೋ ಹೊರಗೋ ತಿರುಗಿರೋ ಅಳತೆ) ಅಥ್ವಾ ಕ್ಯಾಂಬರ್ (ಮುಂದಿಂದ ನೋಡಿದ್ರೆ ಚಕ್ರ ಒಳಗೋ ಹೊರಗೋ ವಾಲಿರೋ ಅಳತೆ) ಹೋಗಿದೆ. ಅಂಗೈನ ಟೈರ್ ಮೇಲೆ ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಸವರಿ, ಒಂದು ದಿಕ್ಕಲ್ಲಿ ನುಣ್ಣಗೆ ಇನ್ನೊಂದು ದಿಕ್ಕಲ್ಲಿ ಗರಗಸದಂಗೆ ಚುಚ್ಚಿದ್ರೆ ಅದು ಟೋ. ಸುತ್ತ ಅಲ್ಲಲ್ಲಿ ತಗ್ಗು ಬಿದ್ದಿದ್ರೆ ಶಾಕಪ್ ಹಿಡೀತಿಲ್ಲ, ಚಕ್ರ ರೋಡ್ ಮೇಲೆ ಕುಣೀತಾ ಹೋಗಿದೆ ಅಂತ ಅರ್ಥ.

ಗಾಡಿ ಒಂದು ಕಡೆ ಎಳೀತಿದ್ರೆ ಅಲೈನ್‌ಮೆಂಟಿಗೆ ಓಡೋಕ್ ಮುಂಚೆ ಮುಂದಿನ ಎರಡು ಚಕ್ರ ಎಡ ಬಲ ಅದಲು ಬದಲು ಮಾಡಿ ನೋಡಿ, ಟೈರಲ್ಲಿ ತಿರುಗೋ ದಿಕ್ಕಿನ ಬಾಣದ ಗುರುತು ಇಲ್ಲ ಅಂದ್ರೆ ಮಾತ್ರ. ಎಳೆತಾನೂ ಕಡೆ ಬದಲಾಯಿಸಿದ್ರೆ ಟೈರಿಂದೇ ತೊಂದರೆ. ಇನ್ನೊಂದು, ನಮ್ಮ ರೋಡುಗಳು ನೀರು ಹರಿಯೋಕೆ ಅಂಚಿನ ಕಡೆ ಇಳಿಜಾರು ಇರತ್ತೆ, ನಾವು ಎಡಗಡೆ ಓಡ್ಸೋರು, ಹಂಗಾಗಿ ಸ್ವಲ್ಪ ಎಡಕ್ಕೆ ಜಾರೋದು ಮಾಮೂಲಿ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ನಿಂತಲ್ಲೇ ಕೈ ಇಟ್ಟು ನೋಡೋ ಟೆಸ್ಟು

ಇದು ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರೋ ಟೆಸ್ಟು, ಜಾಕಿನೂ ಬೇಡ. ಗಾಡಿ ಸಮತಟ್ಟು ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಜೊತೆಯವರನ್ನ ಸ್ಟೀರಿಂಗ್ ಹತ್ರ ಕೂರ್ಸಿ ಸಣ್ಣಗೆ ಎಡ ಬಲ ಅಲ್ಲಾಡಿಸೋಕ್ ಹೇಳಿ, ಗಡಿಯಾರದಲ್ಲಿ 11ರಿಂದ 1ರವರೆಗೆ ಅಷ್ಟೇ, ಪೂರ್ತಿ ತಿರುಗಿಸೋದಲ್ಲ. ನೀವು ಚಕ್ರದ ಹಿಂದೆ ಕೈ ಹಾಕಿ ಒಂದೊಂದೇ ಜಾಯಿಂಟ್ ಹಿಡ್ಕೊಳ್ತಾ ಬನ್ನಿ. ಟೈ ರಾಡ್ ಎಂಡ್ ಹಿಡ್ಕೊಂಡಾಗ ರಾಡ್ ಅಲ್ಲಾಡಿದ್ಮೇಲೆ ಚಕ್ರ ಸ್ವಲ್ಪ ತಡವಾಗಿ ಬರ್ತಿದ್ರೆ ಅದು ಬೆರಳಿಗೆ ಟಿಕ್ ಅಂತ ತಾಗತ್ತೆ, ಕಿವಿಗಿಂತ ಕೈ ಇಲ್ಲಿ ಚುರುಕು. ಒಳಗಡೆ ಉದ್ದ ಮಡಿಕೆ ಮಡಿಕೆ ರಬ್ಬರ್ ಬೂಟ್ ಇರತ್ತೆ, ಅದನ್ನ ಬೂಟ್ ಸಮೇತ ಅಮುಕಿ ಹಿಡಿದ್ರೆ ಸ್ಟೀರಿಂಗ್ ಬಾಕ್ಸಿನ ಅಡ್ಡ ರಾಡಿನ ತುದಿ ಜಾಯಿಂಟು, ಅಂದ್ರೆ ಒಳಗಿನ ರ‍್ಯಾಕ್ ಎಂಡ್ ಸಿಗತ್ತೆ, ಅಲ್ಲಿ ಏಟು ತಾಗ್ತಿದ್ರೆ ಅದೇ ಹೋಗಿದೆ. ಹಂಗೇ ಡ್ರೈವರ್ ಕಾಲ ಹತ್ರ ಸ್ಟೀರಿಂಗ್ ರಾಡ್ ಕೆಳಗಿಳಿಯೋ ಕಡೆ ಒಂದು ಕ್ರಾಸ್ ಜಾಯಿಂಟ್ ಇದೆ, ಅದನ್ನೂ ಮುಟ್ಟಿ ನೋಡಿ. ಸ್ಟೀರಿಂಗಲ್ಲಿ ಪ್ಲೇ ಇದೆ ಅಂತ ಸ್ಟೀರಿಂಗ್ ಬಾಕ್ಸೇ ಬದಲಾಯಿಸೋಕೆ ಹೇಳಿದಾಗ ಬಹಳ ಸಲ ಕಳ್ಳ ಇಲ್ಲೇ ಕೂತಿರ್ತಾನೆ. ಕಾಲಮ್ ಮೇಲೆ ಮೋಟರ್ ಇರೋ ಇಪಿಎಸ್ (ಕರೆಂಟ್ ಮೋಟರಿಂದ ನಡೆಯೋ ಪವರ್ ಸ್ಟೀರಿಂಗ್) ಗಾಡಿಗಳು ಕೆಲವುದ್ರಲ್ಲಿ ಮೋಟರ್ ಒಳಗೆ ಸಣ್ಣ ರಬ್ಬರ್ ಕಪ್ಲಿಂಗ್ ಬೇರೆ ಇರತ್ತೆ, ಅದು ಪುಡಿಯಾದ್ರೂ ಸ್ಟೀರಿಂಗ್ ಅಲ್ಲಾಡಿಸಿದಾಗ ಕಟ್ ಕಟ್ ಅನ್ನತ್ತೆ, ಸೌಂಡ್ ಡ್ಯಾಶ್‌ಬೋರ್ಡ್ ಒಳಗಿಂದ ಬರತ್ತೆ.

ಇದೇ ಹೊತ್ತಲ್ಲಿ ಬಾನೆಟ್ ಎತ್ತಿ ಸ್ಟ್ರಟ್ ಮೌಂಟ್ ಮೇಲೆ ಅಂಗೈ ಇಡಿ. ಜೊತೆಯವರು ಈಗ ಪೂರ್ತಿ ತಿರುಗಿಸ್ಲಿ, ಅಲ್ಲಿ ಗಿರ್ ಅಂತ ಎಳೆದು ಎಳೆದು ಬಿಟ್ಟಂಗೆ ಆದ್ರೆ ಮೌಂಟ್ ಬೇರಿಂಗ್ ಹೋಗಿದೆ. ಬೂಟುಗಳನ್ನೂ ಟಾರ್ಚ್ ಬಿಟ್ಟು ನೋಡಿ. ಶಿರಾ, ಪಾವಗಡ ಕಡೆ ಓಡಾಡೋ ಗಾಡಿಗಳಿಗೆ ಧೂಳೇ ಶತ್ರು, ರ‍್ಯಾಕ್ ಬೂಟ್ ಒಂದು ಸಣ್ಣ ಹರಿತ ಹರಿದ್ರೂ ಧೂಳು ನೀರು ಒಳಗೋಗಿ ರ‍್ಯಾಕಿಗೆ ತುಕ್ಕು ಹಿಡಿಯತ್ತೆ, ಬೂಟಿನ ರೇಟಿಗೂ ಸ್ಟೀರಿಂಗ್ ಬಾಕ್ಸ್ ರೇಟಿಗೂ ಅಜಗಜಾಂತರ.

ಜಾಕಿ ಹಾಕಿ

ಗಾಡಿ ಜೊತೆ ಬರೋ ಜಾಕಿ ಬರೀ ಎತ್ತೋಕೆ, ಅದರ ಮೇಲೆ ನಿಲ್ಸಿ ಅಡಿಗೆ ಹೋಗ್ಬೇಡಿ, ಸೈಜುಗಲ್ಲು ಹಾಲೋ ಬ್ಲಾಕ್ ಇಟ್ಕೊಂಡೂ ಹೋಗ್ಬೇಡಿ, ಹಾಲೋ ಬ್ಲಾಕ್ ಹೇಳ್ದೆ ಕೇಳ್ದೆ ಪುಡಿಯಾಗತ್ತೆ. ಸ್ಟ್ಯಾಂಡ್ ತಗೊಳಿ, ಇಲ್ಲ ಅಂದ್ರೆ ಈ ಭಾಗ ಗ್ಯಾರೇಜಲ್ಲೇ ನಿಂತು ಮಾಡ್ಸಿ.

ಚಕ್ರ ಗಾಳೀಲಿದ್ದಾಗ 3 ಗಂಟೆ 9 ಗಂಟೆ ಜಾಗ ಹಿಡಿದು ಅಲ್ಲಾಡಿಸಿ, ಪ್ಲೇ ಇದ್ರೆ ಹೆಚ್ಚಾಗಿ ಟೈ ರಾಡ್ ಎಂಡ್ ಅಥ್ವಾ ರ‍್ಯಾಕ್ ಎಂಡ್. 12 ಗಂಟೆ 6 ಗಂಟೆ ಹಿಡಿದು ಅಲ್ಲಾಡಿಸಿ, ಪ್ಲೇ ಇದ್ರೆ ಬಾಲ್ ಜಾಯಿಂಟ್ ಅಥ್ವಾ ಬೇರಿಂಗ್. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಒಬ್ಬರು ಬ್ರೇಕ್ ಒತ್ತಿ ಹಿಡೀಲಿ, ನೀವು ಮತ್ತೆ ಅಲ್ಲಾಡಿಸಿ. ಪ್ಲೇ ಮಾಯ ಆದ್ರೆ ಬೇರಿಂಗು, ಯಾಕಂದ್ರೆ ಬ್ರೇಕು ಚಕ್ರಾನ ನಕಲ್ಲಿಗೆ (ಬೇರಿಂಗು, ಚಕ್ರ ಕೂರೋ ಗಟ್ಟಿ ಕಬ್ಬಿಣದ ಭಾಗ) ಕಟ್ಟಿಹಾಕತ್ತೆ. ಆದ್ರೂ ಅಲ್ಲಾಡ್ತಿದ್ರೆ ಬಾಲ್ ಜಾಯಿಂಟು. ಆಮೇಲೆ ಚಕ್ರದ ಅಡಿಗೆ ಒಂದು ರಾಡ್ ಕೊಟ್ಟು ಮೇಲಕ್ಕೆ ಮೀಟಿ, ಲೋಯರ್ ಆರ್ಮಿಗೂ ನಕಲ್ಲಿಗೂ ಮಧ್ಯೆ ಕದಲೋದು ಕಣ್ಣಿಗೇ ಕಾಣತ್ತೆ.

ಬಾಲ್ ಜಾಯಿಂಟ್ ಅಥ್ವಾ ಟೈ ರಾಡ್ ಎಂಡಲ್ಲಿ ಕಣ್ಣಿಗೆ ಕಾಣೋ ಪ್ಲೇ ಇದ್ರೆ ಆ ಗಾಡೀನ ಓಡಿಸ್ಕೊಂಡು ಹೋಗ್ಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ ಅಥ್ವಾ ಟೋಯಿಂಗ್ ಗಾಡೀಲಿ ಎಳೆಸ್ಕೊಂಡು ಹೋಗಿ. ಉಳಿದಿದ್ದು ಹೆಚ್ಚಾಗಿ ಸದ್ದು ಮಾಡತ್ತೆ, ಟೈರ್ ತಿನ್ನತ್ತೆ, ಇವೆರಡು ಕಳಚಿದ್ರೆ ಚಕ್ರ ಅಡ್ಡಡ್ಡ ತಿರುಗಿ ನಿಲ್ಲತ್ತೆ, ಸ್ಟೀರಿಂಗ್ ಕೈಯಲ್ಲಿದ್ರೂ ಪ್ರಯೋಜನ ಇಲ್ಲ. ಹೆಂಡತಿ ಮಕ್ಕಳನ್ನ ಕೂರ್ಸ್ಕೊಂಡು ಹೋಗೋ ಗಾಡಿ, ನಾಳೆ ನೋಡೋಣ ಅನ್ಬೇಡಿ.

ಶಾಕಪ್ಪಿಗೆ, ಗಾಡಿ ಇಳಿಸಿ ಮೂಲೆ ಒತ್ತಿ ಬಿಡಿ, ಒಂದ್ಸಲ ಎದ್ದು ಕೂತ್ಕೋಬೇಕು, ತೂಗ್ತಾನೇ ಇದ್ರೆ ಹೋಗಿದೆ. ಮೈ ಮೇಲೆ ತೆಳ್ಳಗೆ ಎಣ್ಣೆ ಪಸೆ ಧೂಳು ಇದ್ರೆ ಗಾಬರಿ ಬೇಡ, ಎಣ್ಣೆ ಇಳಿದು ತೊಟ್ಟಿಕ್ಕಿದ್ರೆ ಬದಲಾಯಿಸಿ, ಬದಲಾಯಿಸಿದ್ರೆ ಒಂದೇ ಆಕ್ಸಲ್ಲಿನ ಎರಡೂ ಕಡೇದು ಒಟ್ಟಿಗೆ.

ರಿಪೇರಿ, ಯಾವುದು ಮನೇಲಿ ಯಾವುದು ಗ್ಯಾರೇಜಲ್ಲಿ

ಲಿಂಕ್ ರಾಡ್ ಮನೇಲೇ ಆಗತ್ತೆ. ಅನುಮಾನ ಇದ್ರೆ ಎರಡೂ ಕಡೆ ಲಿಂಕ್ ರಾಡ್ ಬಿಚ್ಚಿ ಬಾರ್ ಎಲ್ಲೂ ತಾಗ್ದಂಗೆ ನೋಡ್ಕೊಂಡು ಅದೇ ಹಳ್ಳ ಗುಂಡಿ ರೋಡಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ, ಸೌಂಡ್ ನಿಂತ್ರೆ ಕಳ್ಳ ಸಿಕ್ಕ. ಲಿಂಕ್ ಇಲ್ದೆ ಗಾಡಿ ತಿರುವಲ್ಲಿ ಜಾಸ್ತಿ ವಾಲತ್ತೆ, ಹೈವೇಗೆ ತಗೊಂಡ್ಹೋಗ್ಬೇಡಿ. ಬಿಚ್ಚೋವಾಗ ಮುಂದಿನ ಎರಡೂ ಚಕ್ರ ಎತ್ತಿರ್ಬೇಕು, ಒಂದೇ ಎತ್ತಿದ್ರೆ ಬಾರ್ ತಿರುಚ್ಕೊಂಡು ಬೋಲ್ಟ್ ಬರಲ್ಲ. ನಟ್ಟಿನ ಜೊತೆ ಒಳಗಿನ ಬೋಲ್ಟೂ ಸುತ್ತತ್ತೆ, ಅದರ ತುದೀಲಿ ಆಲನ್ ಕೀ ಹಾಕಿ ಹಿಡ್ಕೊಂಡು ಸ್ಪ್ಯಾನರಲ್ಲಿ ನಟ್ಟು ತಿರುಗ್ಸಿ. ಹಿಂದಿನ ದಿನಾನೇ ತುಕ್ಕು ಬಿಡ್ಸೋ ಸ್ಪ್ರೇ ಹೊಡೆದಿಟ್ರೆ ಅರ್ಧ ಕೆಲಸ ಮುಗೀತು. ಹಳೇ 800, ಆಲ್ಟೋ ತರದ ಗಾಡಿಗಳಲ್ಲಿ ಲಿಂಕ್ ರಾಡೇ ಇರಲ್ಲ, ಬಾರ್ ನೇರ ಲೋಯರ್ ಆರ್ಮಿಗೆ ಸೇರಿರತ್ತೆ, ಅಲ್ಲಿ ಬುಷ್ಷು ನೋಡಿ.

ಟೈ ರಾಡ್ ಎಂಡ್ ಬದಲಾಯಿಸೋವಾಗ ಲಾಕ್ ನಟ್ ಸಡಿಲ ಮಾಡಿ, ಹಳೇದು ಎಷ್ಟು ಸುತ್ತು ತಿರುಗಿಸಿದ್ಮೇಲೆ ಬಿಚ್ಕೊಂಡು ಬಂತು ಅಂತ ಎಣಿಸ್ಕೊಳಿ, ಹೊಸದನ್ನ ಅಷ್ಟೇ ಸುತ್ತು ಹಾಕಿ. ಬೋಲ್ಟಿನ ತುದಿಗೆ ಸುತ್ತಿಗೇಲಿ ಹೊಡೀಬೇಡಿ, ಪುಲ್ಲರ್ (ಜಾಯಿಂಟ್ ಎಳೆದು ಬಿಡ್ಸೋ ಟೂಲು) ಇದ್ರೆ ಒಳ್ಳೇದು. ಹಳೇ ಸ್ಪ್ಲಿಟ್ ಪಿನ್ನನ್ನೇ (ನಟ್ಟು ಬಿಚ್ಕೊಳ್ದಂಗೆ ತಡೆಯೋ ತಂತಿ ಪಿನ್ನು) ನೆಟ್ಟಗೆ ಮಾಡಿ ಮತ್ತೆ ಹಾಕೋ ಅಭ್ಯಾಸ ನಮ್ಮ ಕಡೆ ಜಾಸ್ತಿ, ದಯವಿಟ್ಟು ಹೊಸದು ಹಾಕ್ಸಿ, ಹತ್ತಿಪ್ಪತ್ತು ರೂಪಾಯಿಗೆ ಪ್ರಾಣದ ಜೊತೆ ಆಟ ಬೇಡ. ಸುತ್ತು ಎಣಿಸಿ ಹಾಕಿದ್ರೂ ಅಲೈನ್‌ಮೆಂಟ್ ಮಾಡಿಸ್ಲೇಬೇಕು, ಎಣಿಸೋದು ಅಲೈನ್‌ಮೆಂಟ್ ಅಂಗಡಿವರೆಗೂ ನೆಟ್ಟಗೆ ಹೋಗೋಕೆ ಅಷ್ಟೇ.

ಈಗ ಲೋಯರ್ ಆರ್ಮ್ ಬುಷ್, ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಹೊಸ ಬುಷ್ ಹಾಕಿಸಿ ಆರು ತಿಂಗಳಿಗೇ ಮತ್ತೆ ದಡ್ ದಡ್ ಶುರುವಾಯ್ತು ಅನ್ನೋರು ಬಹಳ ಜನ, ಪಾರ್ಟ್ ಡೂಪ್ಲಿಕೇಟು ಅಂತ ಬೈಕೊಳ್ತಾರೆ. ಡೂಪ್ಲಿಕೇಟೂ ಇರ್ಬೋದು, ಆದ್ರೆ ಹೆಚ್ಚಿನ ಸಲ ತಪ್ಪು ಆಗೋದು ಟೈಟ್ ಮಾಡೋ ರೀತೀಲಿ. ಈ ಬುಷ್ಷಿನ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನ ಶೆಲ್ಲಿಗೂ ಅಂಟ್ಕೊಂಡಿರತ್ತೆ, ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರ್ ತಿರುಚ್ಕೊಂಡು ವಾಪಸ್ ಬರತ್ತೆ, ಅದರ ಕೆಲಸವೇ ಅದು. ಗಾಡಿ ಲಿಫ್ಟ್ ಮೇಲಿದ್ದಾಗ ಚಕ್ರ ಜೋತಾಡ್ತಿರತ್ತೆ, ಆರ್ಮ್ ಪೂರ್ತಿ ಕೆಳಗಿರತ್ತೆ, ಅದೇ ಸ್ಥಿತೀಲಿ ಬೋಲ್ಟ್ ಟೈಟ್ ಮಾಡಿದ್ರೆ ರಬ್ಬರಿಗೆ ಅದೇ ಸಹಜ ಜಾಗ ಆಗೋಯ್ತು. ಗಾಡಿ ಇಳಿಸಿದ ತಕ್ಷಣ ಭಾರಕ್ಕೆ ಆರ್ಮ್ ಮೇಲೆ ಬರತ್ತೆ, ರಬ್ಬರ್ ನಿಂತಲ್ಲೇ ಹಿಂಡಿದ ಬಟ್ಟೆ ತರ ತಿರುಚ್ಕೊಂಡೇ ಇರತ್ತೆ, ಹಗಲೂ ರಾತ್ರಿ. ಅದರ ಮೇಲೆ ಹಂಪು ಗುಂಡಿ ಬೇರೆ, ಹರೀದೆ ಇನ್ನೇನಾಗತ್ತೆ. ಅದಕ್ಕೆ ಬೋಲ್ಟನ್ನ ಕೈಯಲ್ಲಿ ಸಡಿಲವಾಗಿ ಹಾಕಿ, ಗಾಡಿ ಚಕ್ರದ ಮೇಲೆ ಇಳಿಸಿ, ಮುಂದೆ ಹಿಂದೆ ಸ್ವಲ್ಪ ಉರುಳಿಸಿ, ಗಾಡಿ ತನ್ನ ಎತ್ತರಕ್ಕೆ ಕೂತ್ಮೇಲೆ ಕೊನೇ ಟೈಟ್ ಕೊಡ್ಬೇಕು. ಪಿಟ್ ಇರೋ ಗ್ಯಾರೇಜಲ್ಲಿ ಸುಲಭ, ಪಿಟ್ ಇಲ್ಲ ಅಂದ್ರೆ ಲೋಯರ್ ಆರ್ಮ್ ತುದಿಗೆ ಜಾಕಿ ಕೊಟ್ಟು ಗಾಡಿ ಆ ಕಡೆ ಸ್ಟ್ಯಾಂಡಿಂದ ಏಳೋ ಹಂಗೆ ಆಗೋವರೆಗೂ ಎತ್ತಿ ಆಗ ಟೈಟ್ ಮಾಡ್ಬೋದು. ಮೆಕ್ಯಾನಿಕ್ಕಿಗೆ "ಅಣ್ಣ, ಬುಷ್ ಬೋಲ್ಟು ಗಾಡಿ ಇಳಿಸಿದ್ಮೇಲೆ ಟೈಟ್ ಮಾಡಿ" ಅಂತ ಒಂದು ಮಾತು ಹೇಳಿ, ಕೆಲಸ ಗೊತ್ತಿರೋರು ತಕ್ಷಣ ಒಪ್ಕೊಳ್ತಾರೆ. ಹಿಂದಿನ ಬೀಮ್ (ಹಿಂದಿನ ಎರಡು ಚಕ್ರ ಸೇರ್ಸೋ ಅಡ್ಡ ಕಬ್ಬಿಣ) ಬುಷ್ಷಿಗೂ ಇದೇ.

ಸ್ಟ್ರಟ್ ಬಿಚ್ಚೋದು ಮಾತ್ರ ಮನೇಲಿ ಬೇಡ. ಸ್ಪ್ರಿಂಗ್ ಕಂಪ್ರೆಸರ್ ಹಾಕ್ದೆ ಮೇಲಿನ ನಟ್ ಬಿಚ್ಚಿದ್ರೆ ಸ್ಪ್ರಿಂಗ್ ಹಾರಿ ಮುಖಕ್ಕೆ ಬರತ್ತೆ, ಜೀವಕ್ಕೇ ಕುತ್ತು. ಗ್ಯಾರೇಜಲ್ಲಿ ಸ್ಟ್ರಟ್ ಬಿಚ್ಚಿದಾಗ ಮೌಂಟು, ಬೇರಿಂಗು, ಬಂಪ್ ಸ್ಟಾಪು ಹಳೇದಾಗಿದ್ರೆ ಆಗ್ಲೇ ಹಾಕಿಸ್ಬಿಡಿ, ಎರಡನೇ ಸಲ ಲೇಬರ್ ಕೊಡೋದು ದಂಡ.

ಅಲೈನ್‌ಮೆಂಟ್ ಕೊನೇಲಿ

ಪ್ಲೇ ಇಟ್ಕೊಂಡು ಅಲೈನ್‌ಮೆಂಟ್ ಮಾಡ್ಸಿದ್ರೆ ಮೆಷಿನ್ ಮೇಲೆ ಹಸಿರು ಬರತ್ತೆ, ಗೇಟ್ ದಾಟಿ ಮೊದಲ ಗುಂಡೀಲಿ ಎಲ್ಲಾ ಹಾಳು. ಮಾಡ್ಸೋವಾಗ ಸ್ಟೀರಿಂಗ್ ನೆಟ್ಟಗೆ ಲಾಕ್ ಹಾಕಿದಾರಾ ನೋಡಿ, ಇಲ್ಲಾಂದ್ರೆ ಗಾಡಿ ನೇರ ಹೋಗತ್ತೆ, ಸ್ಟೀರಿಂಗ್ ಓರೆ ಇರತ್ತೆ. ಪ್ರಿಂಟ್ ಕೇಳಿ ತಗೊಳಿ. ಅದ್ರಲ್ಲಿ ಮುಂದಿನ ಕ್ಯಾಂಬರ್ ಒಂದು ಕಡೆ ಮಾತ್ರ ಲಿಮಿಟ್ ದಾಟಿದ್ರೆ ಅಲ್ಲೇ ನಿಲ್ಸಿ, ಯಾಕಂದ್ರೆ ಹೆಚ್ಚಿನ ಸಣ್ಣ ಗಾಡಿಗಳಲ್ಲಿ ಅಡ್ಜಸ್ಟ್ ಆಗೋದು ಟೋ ಒಂದೇ, ಕ್ಯಾಂಬರ್ ತಪ್ಪಿದೆ ಅಂದ್ರೆ ಏನೋ ಬಗ್ಗಿದೆ, ಲೋಯರ್ ಆರ್ಮು, ಸ್ಟ್ರಟ್ಟು ಅಥ್ವಾ ನಕಲ್ಲು. ಡಿವೈಡರಿಗೋ ಕಾಣದ ಹಂಪಿಗೋ ಜೋರಾಗಿ ಬಡಿದ ಗಾಡಿಗಳಲ್ಲಿ ಇದೇ ಕಥೆ. ರಾಡ್ ಹಾಕಿ ಬಗ್ಗಿಸಿ "ಸರಿ ಮಾಡ್ತೀವಿ" ಅಂದ್ರೆ ಒಪ್ಬೇಡಿ.

ಸ್ಟೀರಿಂಗ್ ಗಟ್ಟಿ ಆದ್ರೆ ಗಾಳಿ ನೋಡಿದ್ಮೇಲೆ, ಹೈಡ್ರಾಲಿಕ್ ಆದ್ರೆ ಆಯಿಲ್ ಮಟ್ಟ ಮತ್ತೆ ಬೆಲ್ಟು, ಪೂರ್ತಿ ತಿರುಗಿಸಿ ಹಂಗೇ ಹಿಡ್ಕೊಂಡು ನಿಲ್ಬೇಡಿ ಪಂಪಿಗೆ ಕಷ್ಟ. ಇಪಿಎಸ್ ಆದ್ರೆ ಮೀಟರಲ್ಲಿ ಲೈಟ್ ಬಂದಿದೆಯಾ ನೋಡಿ, ಬ್ಯಾಟರಿ ವೀಕ್ ಆದ್ರೂ ಇಪಿಎಸ್ ಕೈ ಕೊಡತ್ತೆ, ಮೊದಲು ವೋಲ್ಟೇಜ್ ಚೆಕ್ ಮಾಡ್ಸಿ.

ಬೊಲೆರೋ ಹಿಂದೆ ಲೀಫ್ ಪ್ಲೇಟು, ಅಲ್ಲಿ ಸೌಂಡ್ ಅಂದ್ರೆ ಮೊದಲು ಶ್ಯಾಕಲ್ ಬುಷ್ಷು (ಪ್ಲೇಟಿನ ತುದಿ ಚಾಸಿಗೆ ಸೇರೋ ಕೊಂಡೀದು), ಪ್ಲೇಟ್ ಬಿರುಕು, ಯು ಬೋಲ್ಟ್ ಸಡಿಲ ನೋಡಿ, ಗ್ರೀಸ್ ನಿಪ್ಪಲ್ ಇರೋ ಕಡೆಗೆಲ್ಲಾ ಸರ್ವಿಸಲ್ಲಿ ನಿಜವಾಗ್ಲೂ ಗ್ರೀಸ್ ಹೊಡೆದ್ರಾ ನಿಂತು ನೋಡಿ. ಇನ್ನೋವಾದಲ್ಲಿ (ಹೈಕ್ರಾಸ್ ಬಿಟ್ಟು) ಮುಂದೆ ಮೇಲೊಂದು ಕೆಳಗೊಂದು ಆರ್ಮ್, ಬಾಲ್ ಜಾಯಿಂಟೂ ಎರಡು, ಎರಡನ್ನೂ ಬೇರೆ ಬೇರೆ ಚೆಕ್ ಮಾಡ್ಬೇಕು.

ಸುಗ್ಗೀಲಿ ಒಂದು ವಿಷಯ ಮರೀಬೇಡಿ. ಮಧುಗಿರಿ, ಕೊರಟಗೆರೆ, ಶಿರಾ ಕಡೆ ಹುರುಳಿ, ರಾಗಿ ರೋಡ್ ಮೇಲೆ ಹಾಸಿರ್ತಾರೆ, ಹುರುಳಿ ಬಳ್ಳಿ ಆಕ್ಸಲ್ಲಿಗೆ ಹಗ್ಗದ ತರ ಸುತ್ಕೊಳ್ಳತ್ತೆ. ಸಿವಿ ಬೂಟ್ ಹರಿಯತ್ತೆ, ಎಬಿಎಸ್ ವೈರ್ ಕಿತ್ತೋಗತ್ತೆ, ಉಜ್ಜಿ ಕಾದು ಬೆಂಕಿನೂ ಹತ್ಬೋದು. ಅದರ ಮೇಲೆ ಹೋಗಿದ್ದಾದ್ರೆ ಮುಂದೆ ನೆರಳಲ್ಲಿ ನಿಲ್ಸಿ ಎರಡೂ ಕಡೆ ಬಗ್ಗಿ ನೋಡಿ, ಎಂಜಿನ್ ಆಫ್ ಮಾಡಿ ಕತ್ತರೀಲೋ ಚಾಕುಲೋ ಕತ್ತರಿಸಿ ತೆಗೀರಿ, ಬೂಟಿಗೆ ಚಾಕು ತಾಗದಂಗೆ.

ಗ್ಯಾರೇಜಲ್ಲಿ ಕೆಲಸ ಮಾಡ್ಸಿದ್ರೆ ತೆಗೆದ ಪಾರ್ಟುಗಳನ್ನ ಕೇಳಿ ಇಸ್ಕೊಳಿ. ಹಳೇ ಲಿಂಕ್ ರಾಡಿನ ಬಾಲ್ ಕೈಯಲ್ಲಿ ಅಲ್ಲಾಡಿಸಿದ್ರೆ ಸಡಿಲವಾಗಿ ಬೀಳ್ಬೇಕು, ಬಿಗಿಯಾಗಿ ನಿಂತಿದ್ರೆ ಅದು ಕೆಟ್ಟಿರ್ಲಿಲ್ಲ, ಯಾಕೆ ತೆಗೆದ್ರಿ ಅಂತ ಅಲ್ಲೇ ಕೇಳಿ. ಮತ್ತೆ 400-500 ಕಿಲೋಮೀಟರ್ ಓಡಿದ್ಮೇಲೆ ವಾಪಸ್ ಹೋಗಿ ಬಿಚ್ಚಿದ ನಟ್ಟುಗಳನ್ನೆಲ್ಲಾ, ಚಕ್ರದ ನಟ್ಟೂ ಸೇರಿ, ಒಂದ್ಸಲ ಟೈಟ್ ಚೆಕ್ ಮಾಡ್ಸಿ.